ಪಾಪರ್ ಕಡೆಯಲು ಹೊರಟ ಅಳಿಯನಿಗೆ ಮಾವನ ಕಿವಿಮಾತು

ಅಳಿಯಾ,

ಅಂಗಡಿಯ ಪ್ಲಾಸ್ಟಿಕ್ ಪಾಪರ್ ಬಿಟ್ಟು ಇನ್ನು ಮೇಲೆ ಕೈಯಲ್ಲೇ ಮಾಡಿಕೊಳ್ಳುತ್ತೇನೆ ಅಂದೆ. ಮಾಡು. ನೀನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ನೌಕರಿಗೆ ಬಂದು ಇಳಿದದ್ದು ವಿಶಾಖಪಟ್ಟಣದಲ್ಲಿ. ಮರ ಕಡೆದು ಅರಗು ಹಚ್ಚುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಇಲ್ಲಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ, ವರಾಹ ನದಿಯ ದಂಡೆಯ ಮೇಲೆ ಏಟಿಕೊಪ್ಪಾಕ ಇದೆ. ಕೃಷ್ಣೆಯ ಕಡೆ ಹೋದರೆ ವಿಜಯವಾಡದ ಪಕ್ಕದಲ್ಲೇ ಕೊಂಡಪಲ್ಲಿ. ಎರಡೂ ಮರದ ಬೊಂಬೆಯ ಊರುಗಳೇ. ಸಿಂಹಾಚಲದ ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡು, ಬಿಡುವಾದಾಗಲೆಲ್ಲ ಗಾಳ ಹಿಡಿದು ಓಡಾಡಿದ ನನಗೆ ಗೊತ್ತಿರುವುದನ್ನು ಬರೆದಿದ್ದೇನೆ. ಇದನ್ನು ಗೋಡೆಗೆ ಅಂಟಿಸಿಕೊಂಡು ಕೆಲಸಕ್ಕೆ ಕೂರು.

ಎಲ್ಲಕ್ಕಿಂತ ಮೊದಲು ಒಂದು ಮಾತು. ಪಾಪರ್ ಅಂದರೆ ನೀರಿನ ಮೇಲೆ ತೇಲುವ, ಮುಂದುಗಡೆ ಗುಳಿ ತೋಡಿದ ಒಂದು ಮರದ ತುಂಡು, ಅಷ್ಟೇ. ರಾಡಿನ ತುದಿ ಜಗ್ಗಿದಾಗ ಆ ಗುಳಿ ನೀರನ್ನು ಮುಂದಕ್ಕೆ ತಳ್ಳಿ ‘ಗುಳುಕ್’ ಅನ್ನುತ್ತದೆ. ಕೆಳಗಿರುವ ಬೇಟೆ ಮೀನು ಅದನ್ನು ಕಪ್ಪೆ ಎಂದೋ, ಗಾಯವಾದ ಸಣ್ಣ ಮೀನು ಎಂದೋ ತಿಳಿದು ಮೇಲೆದ್ದು ಹೊಡೆಯುತ್ತದೆ. ಆ ಸದ್ದು ಬರುವುದು ಬಾಯಿಯ ಗುಳಿಯಿಂದ ಮತ್ತು ಬಾಲದ ಭಾರದಿಂದ. ಬಣ್ಣಕ್ಕೆ ಅದರಲ್ಲಿ ಪಾತ್ರವಿಲ್ಲ. ಬಣ್ಣದ ಮೊದಲ ಕೆಲಸ ಮರದೊಳಕ್ಕೆ ನೀರು ಇಳಿಯದಂತೆ ನೋಡಿಕೊಳ್ಳುವುದು. ಚಂದ ಕಾಣುವುದು ಆಮೇಲಿನ ಮಾತು. ಹುಡುಗರೆಲ್ಲ ಇದನ್ನು ತಿರುವುಮುರುವು ಮಾಡುತ್ತಾರೆ: ಎರಡು ವಾರ ಹುರುಪೆ ಬಿಡಿಸುತ್ತಾರೆ, ಎರಡು ನಿಮಿಷದಲ್ಲಿ ಬಾಯಿ ತೋಡುತ್ತಾರೆ.

• ಯಾವ ಮೀನಿಗೆ ಎಂದು ಮೊದಲೇ ತೀರ್ಮಾನ ಮಾಡು. ಪಾಪರ್ ಹುಟ್ಟಿದ್ದು ಅಮೆರಿಕದ ಬಾಸ್ ಮೀನಿಗಾಗಿ. ಮಿಷಿಗನ್ ರಾಜ್ಯದ ಡೊವಾಜಿಯಾಕ್ ಎಂಬ ಊರಿನಲ್ಲಿ ಜೇಮ್ಸ್ ಹೆಡ್ಡನ್ ಎಂಬ ಜೇನು ಸಾಕುವವನು 1900ರ ಆಸುಪಾಸಿನಲ್ಲಿ ಮರ ಕೆತ್ತಿ ತೇಲುವ ಹುಸಿಮೀನು ಮಾಡಿ ಮಾರಿದ. ಮರದ ಹುಸಿಮೀನಿನ ವ್ಯಾಪಾರ ಅಲ್ಲಿ ಬೆಳೆದದ್ದು ಅವನಂಥವರಿಂದ. ನಮ್ಮ ಕೆರೆ ಕಾಲುವೆಗಳಲ್ಲಿ ಆ ಬಾಸ್ ಇಲ್ಲ. ಆದರೆ ಅದಕ್ಕಿಂತ ಜೋರಾಗಿ ನೀರು ಚಿಮ್ಮಿಸಿ ಹೊಡೆಯುವ ಎರಡು ಮೀನು ಇವೆ. ಸಿಹಿನೀರಿನಲ್ಲಿ ಕೊರವ, ಇಲ್ಲಿಯವರು ಕೊರಮೀನು ಅನ್ನುತ್ತಾರೆ, ಮಲೆನಾಡಿನವರು ಕುಚ್ಚು ಅನ್ನುತ್ತಾರೆ. ಹಿನ್ನೀರು ಮತ್ತು ಅಳಿವೆಯಲ್ಲಿ ಪಂಡುಗಪ್ಪ, ಅಂದರೆ ಬಂಗಾಳಿಗಳ ಭೆಟ್ಕಿ. ಕೊರವನಿಗೆ ಆರೇಳು ಸೆಂಟಿಮೀಟರ್ ಉದ್ದ, ಹೆಬ್ಬೆರಳ ದಪ್ಪದ ಪಾಪರ್ ಸಾಕು. ಎಲ್ಲ ಸೇರಿ 10ರಿಂದ 15 ಗ್ರಾಂ ತೂಗಲಿ. ಪಂಡುಗಪ್ಪನಿಗೆ ಒಂಬತ್ತು ಹತ್ತು ಸೆಂಟಿಮೀಟರ್ ಬೇಕು. ಎರಡಕ್ಕೂ ಒಂದೇ ಅಂತ ನಡುವಿನ ಅಳತೆಯಲ್ಲಿ ಮಾಡಬೇಡ, ಎರಡಕ್ಕೂ ಬರುವುದಿಲ್ಲ.

• ಮರದ ವಿಷಯದಲ್ಲಿ ನೀನು ಪುಣ್ಯವಂತ. ಏಟಿಕೊಪ್ಪಾಕದವರು ಅಂಕುಡು ಕರ್ರ ಎಂದು ಕರೆಯುವುದು ನಮ್ಮ ಚನ್ನಪಟ್ಟಣದ ಆಲೆ ಮರವನ್ನೇ. ಬೆಳ್ಳಗೆ, ನಯವಾಗಿ, ಎಳೆ ಹೆಚ್ಚು ಕಾಣದ ಹಾಗೆ ಇರುತ್ತದೆ. ಲೇತಿನ ಮೇಲೆ ಉಳಿ ಇಟ್ಟರೆ ಸೀಳದೆ ಸುರುಳಿ ಸುರುಳಿಯಾಗಿ ಬಿಡುತ್ತದೆ, ಸಣ್ಣ ತೂತು ಕೊರೆದರೂ ಅಂಚು ಒಡೆಯುವುದಿಲ್ಲ. ತುಸು ಭಾರದ ಮರವಾದ್ದರಿಂದ ದೂರ ಎಸೆಯಬಹುದು. ಸಮುದ್ರದ ಗಾಳಿಗೆ ಎದುರಾಗಿ ಎಸೆಯಬೇಕಾದ ಭೀಮುನಿಪಟ್ನಂ ಕಡೆಗೆ ಇದೇ ಸರಿ.

• ಕೆರೆಯ ಸಣ್ಣ ಪಾಪರ್‌ಗೆ ಕೊಂಡಪಲ್ಲಿಯ ತೆಲ್ಲ ಪೊಣಿಕಿ ಮರ ಇನ್ನೂ ಒಳ್ಳೆಯದು. ಕೈಯಲ್ಲಿ ಹಿಡಿದರೆ ಮರವೋ ಬೆಂಡೋ ಎನ್ನುವಷ್ಟು ಹಗುರ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಬೊಂಬೆ ಮಾಡುವುದೂ ಇಂಥ ಹಗುರ ಮರದಲ್ಲೇ. ಹಗುರ ಮರದಿಂದ ಒಂದು ಅನುಕೂಲ ಇದೆ: ಬಾಲಕ್ಕೆ ನಿನಗೆ ಬೇಕಾದಷ್ಟು ಭಾರ ಸೇರಿಸಿದರೂ ಪಾಪರ್ ತೇಲುತ್ತದೆ. ಒಂದು ದೋಷವೂ ಇದೆ. ಕೊರವನ ಹಲ್ಲು ತಾಗಿದಲ್ಲೆಲ್ಲ ಗುಳಿ ಬೀಳುತ್ತದೆ, ಆ ಗುಳಿಯಿಂದ ನೀರು ಕುಡಿಯುತ್ತದೆ. ಅದಕ್ಕೇ ಪೊಣಿಕಿಗೆ ಮೇಲುಲೇಪ ದಪ್ಪ ಇರಬೇಕು.

• ಮೊದಲನೆಯ ಪಾಪರನ್ನು ಮರದಲ್ಲಿ ಮಾಡಲೇಬೇಡ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಮಾಡು. ಬ್ಲೇಡಿನಿಂದ ಕತ್ತರಿಸಿ, ಉಪ್ಪು ಕಾಗದದಿಂದ ಉಜ್ಜಿ, ನಡುವೆ ತಂತಿ ತೂರಿಸಿದರೆ ಮುಗಿಯಿತು. ಬಣ್ಣವೂ ಬೇಡ, ನೀರೂ ಕುಡಿಯುವುದಿಲ್ಲ. ಬಾಯಿ ಎಷ್ಟು ಆಳ, ಭಾರ ಎಲ್ಲಿ ಎಂಬುದನ್ನು ಕಲಿಸುವುದಕ್ಕೆ ಇದರಷ್ಟು ಅಗ್ಗದ ಗುರು ಬೇರೆ ಇಲ್ಲ. ಇದರಲ್ಲಿ ಮೀನೂ ಬೀಳುತ್ತದೆ.

• ಮರ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ಹೇಳಲಾಗದು. ಅದರಲ್ಲೂ ವಿಶಾಖಪಟ್ಟಣದಂಥ ಕಡಲ ಊರಿನಲ್ಲಿ ಗಾಳಿಯಲ್ಲೇ ತೇವ ಇರುತ್ತದೆ. ಚಿನಿವಾರರು ಬಳಸುವಂಥ ಸಣ್ಣ ತಕ್ಕಡಿ ಒಂದು ತಂದುಕೋ. ತುಂಡನ್ನು ಎರಡು ದಿನಕ್ಕೊಮ್ಮೆ ತೂಗಿ ಪೆನ್ಸಿಲ್‌ನಲ್ಲಿ ಅದರ ಮೇಲೇ ಬರೆ. ತೂಕ ಇಳಿಯುವುದು ಯಾವತ್ತು ನಿಲ್ಲುತ್ತದೋ ಅವತ್ತು ಕೆಲಸಕ್ಕೆ ತೆಗೆದುಕೋ. ಹಸಿ ಮರಕ್ಕೆ ಬಣ್ಣ ಹಚ್ಚಿದರೆ ಒಳಗಿನ ತೇವ ಬಿಸಿಲಿಗೆ ಉಬ್ಬಿ ಬಣ್ಣವನ್ನು ಎತ್ತಿಬಿಡುತ್ತದೆ.

• ಬಾಯಿಯ ಗುಳಿಗೆ ಇಡೀ ದಿನ ಹೋದರೂ ಹೋಗಲಿ. ಮುಂತುದಿಯನ್ನು ನೇರವಾಗಿ ಕತ್ತರಿಸಿ, ನಡುವೆ ಡ್ರಿಲ್ಲಿನಿಂದ ಗುರುತು ಮಾಡಿ, ಆಮೇಲೆ ಗೋಲಿಗೆ ಉಪ್ಪು ಕಾಗದ ಸುತ್ತಿ ತಿರುಗಿಸುತ್ತಾ ತೋಡು. ಕೊರವನ ಪಾಪರ್‌ಗೆ ಮೂರರಿಂದ ನಾಲ್ಕು ಮಿಲಿಮೀಟರ್ ಆಳ ಸಾಕು. ಇದಕ್ಕಿಂತ ಆಳವಾದರೆ ನೀರು ಹಿಡಿದುಕೊಂಡು ಎಳೆಯಲು ಭಾರವಾಗುತ್ತದೆ. ಕಡಿಮೆಯಾದರೆ ಸದ್ದು ತೆಳುವಾಗುತ್ತದೆ. ಅಂಚು ಚೂಪಾಗಿರಲಿ, ಉಜ್ಜುವ ಭರದಲ್ಲಿ ಅದನ್ನು ಬೋಳು ಮಾಡಬೇಡ. ನೀರನ್ನು ಕತ್ತರಿಸುವುದು ಆ ಅಂಚೇ.

• ತುಟಿಯ ಓರೆಯನ್ನು ತಿಳಿದುಕೋ. ಮೇಲ್ತುಟಿ ಮುಂದಕ್ಕೆ ಚಾಚಿದ್ದರೆ ಎಳೆದಾಗ ನೀರು ಮೂತಿಯನ್ನು ಮೇಲಕ್ಕೆ ಒತ್ತುತ್ತದೆ. ಪಾಪರ್ ನೀರ ಮೇಲೆ ಜಿಗಿದು ಹನಿ ಚಿಮ್ಮಿಸುತ್ತದೆ. ಕೆಳತುಟಿ ಮುಂದಿದ್ದರೆ ತಲೆ ತಗ್ಗಿಸಿ ಒಳಹೊಕ್ಕು ಗುಳ್ಳೆಯ ಸಾಲು ಬಿಡುತ್ತದೆ, ಸದ್ದು ದಪ್ಪ. ಅಲೆ ಇರುವ ಕಡೆ ದಪ್ಪ ಸದ್ದು ಬೇಕು, ನಿಂತ ನೀರಿಗೆ ಹನಿ ಚಿಮ್ಮುವುದು ಸಾಕು. ಹೊಸಬನು ಓರೆ ಬಿಟ್ಟು ನೇರ ಕತ್ತರಿಸುವುದು ಕ್ಷೇಮ.

• ತಂತಿ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಹೋಗಲಿ. ಮರಕ್ಕೆ ತಿರುಪಿದ ಸ್ಕ್ರೂ ಕೊಂಡಿಯನ್ನು, ಅದರಲ್ಲೂ ಪೊಣಿಕಿಯಂಥ ಮೆದು ಮರದಲ್ಲಿ, ನಂಬಬೇಡ. ಎರಡು ಕೆ.ಜಿ. ಕೊರವ ಒಮ್ಮೆ ಹೊರಳಿದರೆ ಕಿತ್ತು ಬರುತ್ತದೆ, ಬಾಯಲ್ಲಿ ಗಾಳ ಸಿಕ್ಕಿಸಿಕೊಂಡ ಮೀನು ಪಾಚಿಯೊಳಗೆ ಹೋಗಿ ಸಾಯುತ್ತದೆ. ಹೊಟ್ಟೆಯ ಕಡೆ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳು ಹಾಕಿ, ಒಂದು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಂತಿಯನ್ನು ಕೂರಿಸಿ, ಎರಡು ತುದಿಯಲ್ಲೂ ಕೊಂಡಿ ಮಾಡಿ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತು. ಹೊಟ್ಟೆಗೂ ಗಾಳ ಬೇಕೆಂದರೆ ನಡುವೆ ಇನ್ನೊಂದು ಕೊಂಡಿ ಬಾಗಿಸು. ಉಪ್ಪುನೀರಿಗೆ 316 ದರ್ಜೆಯ ತಂತಿ ಕೇಳಿ ತಗೋ, ಬೇರೆಯದು ತುಕ್ಕು ಹಿಡಿಯುತ್ತದೆ.

• ಬಾಲದ ಭಾರ. ಬಣ್ಣಕ್ಕಿಂತ ಮೊದಲು ಬಕೆಟ್ ಮುಂದೆ ಕೂರು. ಮರದ ತುಂಡಿಗೆ ಗಾಳಗಳನ್ನೂ ಸೀಸದ ಗುಂಡುಗಳನ್ನೂ ರಬ್ಬರ್ ಬ್ಯಾಂಡಿನಿಂದ ಕಟ್ಟಿ ನೀರಿಗೆ ಬಿಡು. ಸುಮ್ಮನೆ ಅಡ್ಡ ಮಲಗಿದರೆ ಭಾರ ಸಾಲದು ಅಥವಾ ತುಂಬ ಮುಂದಿದೆ. ಬಾಲ ಕೆಳಗಾಗಿ ಓರೆಯಾಗಿ ನಿಂತು, ಬಾಯಿಯ ಗುಳಿಯ ಕೆಳ ಅಂಚು ನೀರಿನೊಳಗೂ ಮೇಲಿನ ಅಂಚು ಗಾಳಿಯಲ್ಲೂ ಇರಬೇಕು. ಗುಂಡನ್ನು ಒಂದು ಬೆರಳಗಲ ಹಿಂದಕ್ಕೆ ಸರಿಸಿದರೂ ನಿಲುವು ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಪೆನ್ಸಿಲ್ ಗುರುತು ಹಾಕಿ ಅಲ್ಲೇ ತೂತು ಕೊರೆ. ಮುಂದೆ ಬಣ್ಣ ಮತ್ತು ಲೇಪ ಸೇರಿ ತೂಕ ಇನ್ನಷ್ಟು ಏರುತ್ತದೆ, ಅದಕ್ಕೆ ಈಗಲೇ ಒಂದಿಷ್ಟು ಹಗುರ ಬಿಡು. ಸಮುದ್ರಕ್ಕೆ ಮಾಡುವುದಾದರೆ ಬಕೆಟ್ಟಿನ ನೀರಿಗೆ ಉಪ್ಪು ಹಾಕು: ಒಂದು ಲೀಟರಿಗೆ 35 ಗ್ರಾಂ. ಉಪ್ಪುನೀರು ಗಟ್ಟಿ, ಪಾಪರ್ ಅದರಲ್ಲಿ ತುಸು ಮೇಲೆದ್ದು ತೇಲುತ್ತದೆ.

• ಸೀಸವನ್ನು ಅಡುಗೆಮನೆಯಲ್ಲಿ ಕರಗಿಸಬೇಡ. ಬೇರೆಲ್ಲೂ ಕರಗಿಸಬೇಡ. ಅದರ ಹೊಗೆ ಮಕ್ಕಳಿರುವ ಮನೆಗೆ ವಿಷ. ಸೈಕಲ್ ರಿಪೇರಿ ಅಂಗಡಿಯಲ್ಲಿ ಬೇರಿಂಗಿನ ಉಕ್ಕಿನ ಗುಂಡು ಸಿಗುತ್ತವೆ, ಸೀಸಕ್ಕಿಂತ ಹಗುರವಾದ್ದರಿಂದ ಒಂದೆರಡು ಹೆಚ್ಚು ಹಾಕಿದರೆ ಆಯಿತು. ತೂತನ್ನು ಸ್ವಲ್ಪ ದೊಡ್ಡದಾಗಿ ಬಿಟ್ಟು ಒಂದು ಗುಂಡನ್ನು ಸಡಿಲವಾಗಿ ಬಿಟ್ಟರೆ ಗಿಲಕಿಯ ಸದ್ದೂ ಬರುತ್ತದೆ. ಕಲಕು ನೀರಿನಲ್ಲಿ ಅದರಿಂದ ಲಾಭ ಇದೆ.

ಈಗ ಲೇಪ ಮತ್ತು ಬಣ್ಣಕ್ಕೆ ಬರೋಣ. ಇಲ್ಲಿ ನಮ್ಮ ಬೊಂಬೆಯ ಊರುಗಳಿಂದ ಕಲಿಯುವುದು ಬಹಳ ಇದೆ, ಆದರೆ ಇದ್ದ ಹಾಗೇ ನಕಲು ಮಾಡುವಂತಿಲ್ಲ. ಬೊಂಬೆ ಷೋಕೇಸಿನಲ್ಲಿ ಕೂರುತ್ತದೆ, ಪಾಪರ್ ನೀರಿನಲ್ಲಿ ನೆನೆಯುತ್ತದೆ.

• ಕೊಂಡಪಲ್ಲಿಯವರು ಬೊಂಬೆಯ ಕೈಕಾಲು ಕೂಡಿಸುವುದಕ್ಕೂ ಸಂದು ತುಂಬುವುದಕ್ಕೂ ಹುಣಿಸೆಬೀಜದ ಅಂಟಿಗೆ ಮರದ ಪುಡಿ ಕಲಸಿದ ಮಕ್ಕು ಬಳಸುತ್ತಾರೆ. ಒಣಗಿದ ಮೇಲೆ ಸುಣ್ಣದ ಬಿಳುಪು ಬಳಿದು, ಅದರ ಮೇಲೆ ಬಣ್ಣ. ಕಿನ್ನಾಳದಲ್ಲೂ ಹುಣಿಸೆಬೀಜದ ಅಂಟೇ ಆಧಾರ. ಕ್ರಮ ಬಹಳ ಸರಿಯಾದದ್ದು: ಮೊದಲು ಸಂದು ತುಂಬು, ಆಮೇಲೆ ಬಿಳುಪು, ಆಮೇಲೆ ಬಣ್ಣ. ಹುಣಿಸೆಯ ಅಂಟು ಮಾತ್ರ ನೀರಿಗೆ ಕರಗುತ್ತದೆ. ಅದರ ಜಾಗದಲ್ಲಿ ಅರಾಲ್ಡೈಟ್ ಹಾಕು. ತಂತಿ ಕೂರಿಸಿದ ಸೀಳಿಗೂ ಗುಂಡಿನ ತೂತಿಗೂ, ಅದೇ ಮರವನ್ನು ಉಜ್ಜಿದಾಗ ಬಿದ್ದ ಪುಡಿಯನ್ನು ಅರಾಲ್ಡೈಟಿಗೆ ಕಲಸಿ ತುಂಬು. ಒಂದು ರಾತ್ರಿ ಬಿಟ್ಟು ಉಜ್ಜಿದರೆ ಸೀಳು ಎಲ್ಲಿತ್ತೆಂದು ಬೆರಳಿಗೂ ಗೊತ್ತಾಗುವುದಿಲ್ಲ.

• ಸಂದು ತುಂಬಿದ ಮೇಲೆ ಇಡೀ ಮೈಗೆ ಸ್ಯಾಂಡಿಂಗ್ ಸೀಲರ್ ತೆಳುವಾಗಿ ಎರಡು ಸಲ ಕೊಡು. ಬಾಯಿಯ ಗುಳಿಗೆ ಮೂರನೆಯ ಸಲವೂ ಕೊಡು. ಅಲ್ಲಿ ಮರದ ಎಳೆಗಳು ಅಡ್ಡ ಕತ್ತರಿಸಿಕೊಂಡು ಬಾಯ್ದೆರೆದಿರುತ್ತವೆ, ನೀರು ನುಗ್ಗುವುದೇ ಅಲ್ಲಿಂದ. ಬದಿಗಳು ಅಷ್ಟು ಕುಡಿಯುವುದಿಲ್ಲ.

• ಅರಗಿನ ಬಣ್ಣದ ಆಸೆ ನಿನಗೆ ಇದ್ದೇ ಇರುತ್ತದೆ, ಊರಿನ ಕಸುಬು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಕರಗಿ ಹರಡುತ್ತದೆ. ಚನ್ನಪಟ್ಟಣದಲ್ಲಿ ಅದರ ಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ, ಏಟಿಕೊಪ್ಪಾಕದಲ್ಲಿ ಮೊಗಲಿ ಎಲೆ, ಅಂದರೆ ಕೇದಗೆ. ಆ ಹೊಳಪಿನ ಮುಂದೆ ಡಬ್ಬದ ಬಣ್ಣ ಯಾವುದೂ ನಿಲ್ಲದು, ಇದು ನನ್ನ ಖಚಿತ ಅಭಿಪ್ರಾಯ. ಆದರೆ ಮೂರು ವಿಷಯ ನೆನಪಿಡು. ಅರಗು ಬಹಳ ಹೊತ್ತು ನೀರಿನಲ್ಲಿದ್ದರೆ ಬೆಳ್ಳಗಾಗುತ್ತದೆ. ಎಪ್ಪತ್ತು ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡ್ ಮೇಲೆ ಬಿಟ್ಟರೆ ಹಾಳು. ಮತ್ತು ಲೇತಿನ ಮೇಲೆ ಹಚ್ಚಿದ ಅರಗು ಮೈಯನ್ನಷ್ಟೇ ಮುಚ್ಚುತ್ತದೆ. ಆಮೇಲೆ ತೋಡಿದ ಬಾಯಿ, ಕೊರೆದ ತೂತು ಎಲ್ಲ ಬರಿ ಮರವೇ. ಆದ್ದರಿಂದ ಬಾಯಿ, ಸೀಳು, ತೂತುಗಳನ್ನು ಬೇರೆಯಾಗಿ ಮುಚ್ಚು, ಕೆಲಸ ಮುಗಿದ ಕೂಡಲೆ ಒರೆಸಿ ನೆರಳಿನಲ್ಲಿ ಇಡು.

• ಏಟಿಕೊಪ್ಪಾಕದಲ್ಲಿ ಅರಿಶಿನ, ನೀಲಿ ಗಿಡ, ಜಾಫ್ರಾ ಬೀಜದಂಥವುಗಳಿಂದ ತೆಗೆದ ಬಣ್ಣವನ್ನೇ ಅರಗಿಗೆ ಸೇರಿಸುವ ಪದ್ಧತಿಯನ್ನು ಮತ್ತೆ ಬೆಳೆಸಿದ್ದಾರೆ. ಬೊಂಬೆಯನ್ನು ಮಕ್ಕಳು ಬಾಯಿಗಿಡುತ್ತವೆ, ವಿಷದ ಬಣ್ಣ ಆಗದು ಎಂಬುದು ಅದರ ಹಿಂದಿನ ಕಾಳಜಿ. ಆ ಕೆಲಸಕ್ಕೆ ದುಡಿದ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು; ಊರಿನ ಬೊಂಬೆಗೆ 2017ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು. ಪಾಪರ್ ಮೀನಿನ ಬಾಯಿಗೆ ಹೋಗುವುದು, ಆ ಮೀನು ನಮ್ಮ ಬಾಯಿಗೆ ಬರುವುದು. ಸೀಸ ಬೆರೆಸಿದ ಅಗ್ಗದ ಬಣ್ಣ ಕೆರೆಯಲ್ಲಿ ಚಕ್ಕೆ ಏಳುವುದಕ್ಕಿಂತ ಇದು ಸಾವಿರ ಪಾಲು ಮೇಲು. ಅರಿಶಿನದ ಹಳದಿ ಮಾತ್ರ ಬಿಸಿಲಿಗೆ ಬೇಗ ಮಾಸುತ್ತದೆ, ಡಬ್ಬಿಯಲ್ಲಿ ಮುಚ್ಚಿಡು.

• ಅರಗು ಬೇಡವೆಂದರೆ ಬಟ್ಟೆಗೆ ಬರೆಯುವ ಅಕ್ರಿಲಿಕ್ ಬಣ್ಣ ಸಾಕು. ಮೊದಲು ಬಿಳಿ, ತೆಳುವಾಗಿ ಎರಡು ಸಲ. ಬಿಳಿ ಇಲ್ಲದೆ ಹಚ್ಚಿದ ಹಳದಿ ಮರದ ಬಣ್ಣವನ್ನು ಹೀರಿ ಕೊಳಕಾಗಿ ಕಾಣುತ್ತದೆ.

• ಹೊಟ್ಟೆಯ ಬಣ್ಣ ಮೀನಿಗೆ, ಬೆನ್ನಿನ ಬಣ್ಣ ನಿನಗೆ. ಕೆಳಗಿನಿಂದ ನೋಡುವ ಮೀನಿಗೆ ಬೆನ್ನು ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ಬೆಳಗುವ ಆಕಾಶಕ್ಕೆ ಎದುರಾದ ಒಂದು ನೆರಳು. ಮುಂಜಾನೆ ಮತ್ತು ಮುಸ್ಸಂಜೆಗೆ, ಕಲಕು ನೀರಿಗೆ, ಹೊಟ್ಟೆಯನ್ನು ಕಪ್ಪು ಮಾಡು. ನೆರಳು ಎದ್ದು ಕಾಣುತ್ತದೆ. ತಿಳಿನೀರು, ಏರಿದ ಬಿಸಿಲಾದರೆ ಬಿಳಿ ಅಥವಾ ತೆಳು ಹಳದಿ ಹೊಟ್ಟೆ, ಕಪ್ಪೆಯ ಹಾಗೆ. ಅಳಿವೆಗೆ ಬದಿಯಲ್ಲಿ ಬೆಳ್ಳಿ, ಬೆನ್ನಲ್ಲಿ ನೀಲಿಗಪ್ಪು, ಇಲ್ಲಿಯವರ ಕವಳ್ಳು, ಅಂದರೆ ಬೂತಾಯಿ ಮೀನಿನ ಹಾಗೆ. ಗಂಟಲ ಕೆಳಗೆ ಒಂದು ಕೆಂಪು ಗೀರು ಎಲ್ಲದಕ್ಕೂ ಹಾಕು. ಬೆನ್ನಿಗೆ ದೂರದಿಂದಲೂ ನಿನಗೆ ಕಾಣುವ ಕಿತ್ತಳೆ ಚುಕ್ಕಿ ಇಡು, ಅಲೆಯ ನಡುವೆ ಪಾಪರ್ ಎಲ್ಲಿದೆ ಎಂದು ತಿಳಿಯಬೇಕಲ್ಲ.

• ಹುರುಪೆ ಬೇಕೇ ಬೇಕೆಂದರೆ, ಈರುಳ್ಳಿ ಬರುವ ಬಲೆಚೀಲದ ತುಂಡನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಬಣ್ಣ ಊದಿ ತೆಗೆದುಬಿಡು. ಮೀನು ಇದನ್ನು ಎಣಿಸುವುದಿಲ್ಲ. ಕಣ್ಣನ್ನು ಮಾತ್ರ ದೊಡ್ಡದಾಗಿ ಬರೆ.

• ಬಣ್ಣದ ಕೆಲಸಕ್ಕೆ ದಿನ ನೋಡು. ಮಳೆಗಾಲದಲ್ಲಿ ಹಚ್ಚಿದ ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬೂದಿ ಹಿಡಿದಂತೆ ಬೆಳ್ಳಗಾಗುತ್ತದೆ. ಈ ಕರಾವಳಿಯಲ್ಲಿ ಅಕ್ಟೋಬರ್ ತುಫಾನಿನವರೆಗೂ ಅದೇ ಪಾಡು. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಬೆಳಿಗ್ಗೆ ಹತ್ತರ ಮೇಲೆ, ವರ್ಷಕ್ಕೆ ಬೇಕಾಗುವಷ್ಟನ್ನೂ ಮಾಡಿ ಮುಗಿಸು.

• ಮೇಲುಲೇಪಕ್ಕೆ ಪಾರದರ್ಶಕ ಎಪಾಕ್ಸಿ. ಕಲಸುವಾಗ ಎರಡೂ ಡಬ್ಬದ ಮೇಲೆ ಹೇಳಿದ ಅಳತೆಯಲ್ಲೇ ಇರಲಿ, ಗುಳ್ಳೆ ಏಳದಂತೆ ನಿಧಾನ ಕಲಸು. ಹಚ್ಚಿದ ಮೇಲೆ ಸುಮ್ಮನೆ ನೇತು ಹಾಕಿದರೆ ಎಲ್ಲ ಬಾಲಕ್ಕೆ ಇಳಿದು ತೊಟ್ಟು ಕಟ್ಟುತ್ತದೆ, ಬಕೆಟ್ ಮುಂದೆ ಕೂತು ಮಾಡಿದ ತೂಕವೆಲ್ಲ ವ್ಯರ್ಥ. ಮೊದಲ ಮುಕ್ಕಾಲು ಗಂಟೆ ಕೈಯಲ್ಲಿ ಹಿಡಿದು ತಿರುಗಿಸುತ್ತಲೇ ಇರು, ಅಥವಾ ಕೆಟ್ಟ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರಿಗೆ ಸಿಕ್ಕಿಸು.

• ಬಿಸಿನೀರಿನ ಪರೀಕ್ಷೆಯನ್ನು ಎಂದೂ ತಪ್ಪಿಸಬೇಡ. ಲೇಪ ಪೂರ್ತಿ ಗಟ್ಟಿಯಾದ ಮೇಲೆ, ಸ್ನಾನಕ್ಕೆ ಹದವಾಗುವುದಕ್ಕಿಂತ ತುಸು ಬಿಸಿಯಾದ ನೀರಿನಲ್ಲಿ ಪಾಪರನ್ನು ಪೂರ್ತಿ ಮುಳುಗಿಸಿ ಹಿಡಿ. ಮರದೊಳಗಿನ ಗಾಳಿ ಕಾದು ಹಿಗ್ಗಿ ದಾರಿ ಹುಡುಕುತ್ತದೆ. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೆ ಅಲ್ಲಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ದಾರದಂತೆ ಏಳುತ್ತವೆ. ಹೆಚ್ಚಾಗಿ ಏಳುವುದು ತಂತಿ ಹೊರಬರುವ ಬಾಲದ ಹತ್ತಿರ. ಅಲ್ಲಿ ಗುರುತು ಮಾಡಿ, ಒಣಗಿಸಿ, ಒಂದು ತೊಟ್ಟು ಎಪಾಕ್ಸಿ ಇಟ್ಟು ಮತ್ತೆ ಮುಳುಗಿಸು. ಅರಗು ಹಚ್ಚಿದ್ದಕ್ಕೆ ಬರೀ ಉಗುರುಬೆಚ್ಚಗಿನ ನೀರು.

• ಗಾಳಕ್ಕೆ ಕಂಜೂಸು ಮಾಡಬೇಡ, ಪಾಪರ್ ನಿನ್ನ ಕೈಯದಾದರೂ ಗಾಳ ಒಳ್ಳೆಯ ಕಂಪನಿಯದಿರಲಿ. ಬಯಲು ನೀರಿಗೆ ಮೂರು ಮುಳ್ಳಿನದು. ಗುರ್ರಪು ಡೆಕ್ಕ, ಅಂತರಗಂಗೆಯಂಥ ತೇಲುವ ಕಳೆ ತುಂಬಿದ ಕಡೆ ಹೊಟ್ಟೆಯ ಗಾಳ ತೆಗೆದು, ಬಾಲದಲ್ಲಿ ಒಂಟಿ ಮುಳ್ಳನ್ನು ಮೊನೆ ಮೇಲಾಗಿ ಹಾಕು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೋ. ಮೀನು ಬಿಡಿಸುವುದು ಸುಲಭ, ನಿನ್ನ ಬೆರಳಿಗೆ ಚುಚ್ಚಿದರೂ ಹೊರಬರುವುದು ಸುಲಭ. ಉದ್ದ ಮೂತಿಯ ಇಕ್ಕಳ ಮತ್ತು ತಂತಿ ಕತ್ತರಿಸುವ ಕಟರ್ ಇಲ್ಲದೆ ಮನೆಯಿಂದ ಹೊರಡಬೇಡ. ಪಾಪರ್ ನೀರಿನಿಂದ ಜಿಗಿದು ಮುಖಕ್ಕೆ ಬರುವುದುಂಟು, ಕಣ್ಣಿಗೆ ಕನ್ನಡಕ ಇರಲಿ.

• ಮೂತಿಯ ಕೊಂಡಿಗೆ ದಾರವನ್ನು ಬಿಗಿದು ಕಟ್ಟದೆ ಕುಣಿಕೆ ಗಂಟು ಹಾಕು. ತಲೆ ಅತ್ತಿತ್ತ ಆಡಬೇಕು.

• ಎಸೆಯುವುದು ಕೊರವನ ತಲೆಯ ಮೇಲಲ್ಲ. ಅದು ಗಾಳಿ ಕುಡಿಯುವ ಮೀನು, ಆಗಾಗ ಮೇಲೆ ಬಂದು ‘ಗುಟುಕ್’ ಎಂದು ಉಸಿರು ತೆಗೆದುಕೊಂಡು ಇಳಿಯುತ್ತದೆ. ಆ ಉಂಗುರದಿಂದ ಎರಡು ಮೂರು ಮಾರು ಆಚೆಗೆ ಎಸೆದು ಉಂಗುರದ ಕಡೆಗೆ ತಾ. ಬಿದ್ದ ಕೂಡಲೆ ಎಳೆಯಬೇಡ. ಅಲೆಯ ಸುತ್ತುಗಳು ಪೂರ್ತಿ ಅಳಿಯಲಿ. ಆಮೇಲೆ ಒಂದು ಜಗ್ಗು, ಮತ್ತೆ ನಿಲ್ಲಿಸು. ಹೊಡೆತ ಬೀಳುವುದು ಹೆಚ್ಚಾಗಿ ನಿಂತಿರುವಾಗ. ನೀರು ಸಿಡಿದದ್ದು ನೋಡಿ ರಾಡ್ ಎತ್ತಿದರೆ ಮೀನಿನ ಬಾಯಿಂದ ಕಿತ್ತುಕೊಂಡಂತೆ. ದಾರದಲ್ಲಿ ತೂಕ ತಿಳಿದ ಮೇಲೆ ಎತ್ತು. ತಪ್ಪಿದರೆ ಅಲ್ಲಿಗೇ ಮತ್ತೆ ಎಸೆ, ಕೊರವ ಎರಡನೆಯ ಸಲವೂ ಬರುತ್ತದೆ.

• ಮಳೆಗಾಲದಲ್ಲಿ ನೀರಿನ ಮೇಲ್ಪದರದಲ್ಲಿ ಕೆಂಪು ಕಿತ್ತಳೆ ಬಣ್ಣದ ಸಣ್ಣ ಮರಿಗಳು ಗುಂಪಾಗಿ ಕುದಿಯುತ್ತಿರುವುದು ಕಂಡರೆ, ಅದರ ಕೆಳಗೆ ತಾಯಿ ತಂದೆ ಕೊರವ ಕಾವಲಿರುತ್ತವೆ. ಅಲ್ಲಿಗೆ ಪಾಪರ್ ಎಸೆದರೆ ಖಂಡಿತ ಹೊಡೆಯುತ್ತವೆ. ಹಸಿವಿಗಲ್ಲ, ಮರಿ ಉಳಿಸುವುದಕ್ಕೆ. ಎಸೆಯಬೇಡ. ಕಾವಲು ತಪ್ಪಿದ ಮರಿಗಳನ್ನು ಬೇರೆ ಮೀನು, ಹಕ್ಕಿಗಳು ಅರ್ಧ ದಿನದಲ್ಲಿ ಖಾಲಿ ಮಾಡುತ್ತವೆ. ಹಾಗೆ ಹಿಡಿದು ಫೋಟೊ ತೆಗೆಸಿಕೊಳ್ಳುವವರನ್ನು ನಾನು ಗಾಳಗಾರರೆಂದು ಒಪ್ಪುವುದಿಲ್ಲ.

• ಪಂಡುಗಪ್ಪ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷದ ಮೇಲೆ ಹೆಣ್ಣಾಗುವ ಮೀನು. ದೊಡ್ಡದೆಲ್ಲ ಹೆಚ್ಚುಕಡಿಮೆ ಹೆಣ್ಣೇ, ಮೊಟ್ಟೆ ಇಡುವಂಥದ್ದೇ. ಸಾರಿಗೆ ನಡುಗಾತ್ರದ್ದು ಒಂದು ಸಾಕು, ದೊಡ್ಡದನ್ನು ನೀರಿನಲ್ಲೇ ಹಿಡಿದು ಉಸಿರು ಬಂದ ಮೇಲೆ ಬಿಟ್ಟುಬಿಡು.

• ಗಾಳ ಹಾಕಬಾರದ ಜಾಗಗಳು. ಸಿಂಹಾಚಲದ ಕೆಳಗಿನ ವರಾಹ ಪುಷ್ಕರಿಣಿ ಸ್ವಾಮಿಯ ತೆಪ್ಪೋತ್ಸವದ ಕೊಳ. ಗಾಳ ತೆಗೆದ ಪಾಪರನ್ನು ‘ಪರೀಕ್ಷೆಗೆ’ ಅಂತಲೂ ಅಲ್ಲಿ ಬಿಡಬೇಡ. ಮೇಘಾದ್ರಿಗೆಡ್ಡ ಊರಿಗೆ ಕುಡಿಯುವ ನೀರು ಕೊಡುವ ಜಲಾಶಯ, ಅನುಮತಿ ಕೇಳದೆ ಹೋಗಬೇಡ. ವಿಜಯವಾಡದ ಕಡೆ ಹೋದಾಗ ಕೊಲ್ಲೇರು ಸರೋವರದ ಆಸೆ ಬಿಡು, ಅದು ವನ್ಯಜೀವಿ ಧಾಮ. ಅಟಪಾಕದ ಹೆಜ್ಜಾರ್ಲೆಗಳ ಕಾಲಿಗೆ ನಿನ್ನ ಕಡಿದ ದಾರ ಸುತ್ತಿಕೊಂಡರೆ ಹಕ್ಕಿ ಹಸಿದು ಸಾಯುತ್ತದೆ. ಕೃಷ್ಣಾ ಜಿಲ್ಲೆಯ ಮೀನಿನ ಹೊಂಡಗಳ ರೈತರನ್ನು ಕೇಳಿ ನೋಡು. ಸಾಕಿದ ಮರಿ ತಿನ್ನುವ ಕೊರವನನ್ನು ಹಿಡಿದುಕೊಂಡು ಹೋಗುತ್ತೇನೆ ಅಂದರೆ ಬೇಡ ಅನ್ನುವವರು ಕಡಿಮೆ. ಕೇಳದೆ ಮಾತ್ರ ಬದುವಿನ ಮೇಲೆ ಕಾಲಿಡಬೇಡ.

• ಕಡಲ ಬಂಡೆಯ ಮೇಲೆ ಒಬ್ಬನೇ ನಿಲ್ಲಬೇಡ. ಈ ತೀರದ ಒಳಸೆಳೆತ ಈಜು ಬಲ್ಲವರನ್ನೂ ಬಿಟ್ಟಿಲ್ಲ. ಹೊಸ ಬಂಡೆಯಾದರೆ ಮೊದಲು ಕಾಲು ಗಂಟೆ ದೂರ ನಿಂತು, ದೊಡ್ಡ ಅಲೆ ಎಲ್ಲಿಯವರೆಗೆ ಏರುತ್ತದೆ ನೋಡು. ಒದ್ದೆಯಾದ ಬಂಡೆ ಅಂದರೆ ಅಲೆ ಬರುವ ಬಂಡೆ. ಭೀಮುನಿಪಟ್ನಂನಲ್ಲಿ ಗೋಸ್ತನಿ ಕಡಲು ಸೇರುವ ಜಾಗದಲ್ಲಿ ಮೀನುಗಾರರ ಬಲೆ ಇರುತ್ತದೆ. ಅದು ಅವರ ಅನ್ನ. ನಿನ್ನ ಗಾಳ ಬಲೆಗೆ ಸಿಕ್ಕಿದರೆ ದಾರ ಕತ್ತರಿಸು, ಬಲೆಯನ್ನಲ್ಲ.

• ಆಷಾಢ ಹುಣ್ಣಿಮೆಯ ಗಿರಿಪ್ರದಕ್ಷಿಣೆಗೆ ಲಕ್ಷಾಂತರ ಜನ ಸಿಂಹಾಚಲದ ಬೆಟ್ಟದ ಸುತ್ತ 32 ಕಿಲೋಮೀಟರ್ ನಡೆಯುತ್ತಾರೆ. ಆ ದಿನ ರಾಡ್ ಕಟ್ಟಿಕೊಂಡು ಹೊರಡಬೇಡ, ರಸ್ತೆ ಸಿಗುವುದಿಲ್ಲ. ಮನೆಗೆ ಬಾ, ಜೊತೆಯಲ್ಲಿ ನಡೆಯೋಣ.

• ಕೊನೆಯದು, ಮರ ತರುವ ವಿಷಯ. ಅಂಕುಡು ಕಾಡಿನಿಂದ ಬರುವ ಮರ, ಈಗ ಕುಶಲಕರ್ಮಿಗಳಿಗೇ ಸುಲಭವಾಗಿ ಸಿಗುತ್ತಿಲ್ಲ. ನೀನು ಕಾಡಿಗೆ ಹೋಗಿ ಕಡಿಯಬೇಡ, ಯಾರಿಂದಲೂ ಕಡಿಸಬೇಡ. ಯಲಮಂಚಿಲಿ ದಾಟಿ ಏಟಿಕೊಪ್ಪಾಕಕ್ಕೆ ಹೋಗು, ಬೊಂಬೆ ಕಡೆದು ಉಳಿದ ಗೇಣುದ್ದದ ತುಂಡುಗಳನ್ನು ಕೇಳು. ಪಾಪರ್‌ಗೆ ಅದಕ್ಕಿಂತ ದೊಡ್ಡದು ಬೇಕಿಲ್ಲ. ಲೇತಿನ ಮುಂದೆ ಕೂತವರಿಗೆ ನಿನ್ನ ಅಳತೆಯ ಚಿತ್ರ ಕೊಟ್ಟರೆ ಮೈಯನ್ನು ಅವರೇ ಕಡೆದು ಅರಗು ಹಚ್ಚಿಯೂ ಕೊಡುತ್ತಾರೆ. ಬಾಯಿ, ತಂತಿ, ಭಾರ ನೀನು ಮಾಡಿಕೋ. ಅವರು ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡ. ಅಂಗಡಿಯ ಪ್ಲಾಸ್ಟಿಕ್ಕಿಗೆ ತುಟಿಪಿಟಕ್ಕೆನ್ನದೆ ಕೊಟ್ಟ ದುಡ್ಡನ್ನು ಇವರಿಗೆ ಕೊಡು.